ಬೆಲೆ ಇಳಿದ ಕಾರು, ಬೀಗ ಬಿದ್ದ ಸೀಟು

ನಮ್ಮ ಕಾರಿನ ಬೆಲೆ ಇಳಿದ ಸುದ್ದಿಯನ್ನು ನನಗೆ ಹೇಳಿದ್ದು ನಮ್ಮ ಕಂಪನಿಯಲ್ಲ, ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರು. ರಾಣೇಬೆನ್ನೂರಿನಿಂದ ಬಸ್ಸಿಗೆ ಬಂದು, ಹಾವೇರಿಯ ಪಿ.ಬಿ. ರಸ್ತೆಯಲ್ಲಿರುವ ನಮ್ಮ ಷೋರೂಮಿನ ಬಾಗಿಲು ತೆಗೆದು ಇನ್ನೂ ಚಹಾ ಕುಡಿದಿರಲಿಲ್ಲ, ಫೋನು ಬಂತು.

“ತಂಗೀ, ಎಂಟು ಲಕ್ಷ ಇಳಿಸ್ಯಾರಲ್ಲ! ಮೊನ್ನೆ ನಾ ಚೌಕಾಶಿ ಮಾಡಿದ್ರ ಒಂದ್ ರೂಪಾಯಿ ಬಿಡೂದಿಲ್ಲ ಅಂದಿ. ಭಾರಿ ಗಟ್ಟಿ ಹೆಣ್ಮಗಳದಿ ಬಿಡು.”

“ಯಾರ್ ಹೇಳಿದ್ರೀ ಅಣ್ಣಾರ?”

“ಮೊಬೈಲ್‍ನ್ಯಾಗ ಬಂದೈತಿ, ನಮ್ಮ ಅಳಿಯಾ ತೋರಿಸಿದ. ಇವತ್ತ ಬುಕ್ ಮಾಡು. ಪಂಚಮಿ ಒಳಗ ಗಾಡಿ ಮನಿ ಮುಂದ ನಿಂದರಬೇಕು. ಇಕಿನ್ನ ಗುತ್ತಲಕ್ಕ ಕಳಸಬೇಕು.”

ಇಕಿ ಎಂದರೆ ಅವರ ಹೆಂಡತಿ. ಆ ಕಾರು ಬೇಕಾಗಿದ್ದದ್ದು ಆಕೆಗಾಗಿಯೇ. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆಕೆಗೆ ನೆಟ್ಟಗೆ ಕುಳಿತು ಪ್ರಯಾಣ ಮಾಡಲು ಆಗುತ್ತಿರಲಿಲ್ಲ. ತವರು ಗುತ್ತಲ. ಹೋದ ಸಲ ಮಾಲಿನ ಗಾಡಿಯಲ್ಲಿ ಗಾದಿ ಹಾಸಿ ಮಲಗಿಸಿಕೊಂಡು ಹೋಗಿದ್ದರಂತೆ. ದಾರಿಯಲ್ಲಿ ಯಾರೋ ಮುದುಕ ಇಣುಕಿ ನೋಡಿ, ಯಾವಾಗ ತೀರಿಕೊಂಡರು ಎಂದು ಕೇಳಿದನಂತೆ. ಅಂದಿನಿಂದ ಆಕೆಯದು ಒಂದೇ ಹಟ. ತವರಿಗೆ ಹೋದರೆ ಕುಳಿತು ಹೋಗಬೇಕು, ಮಲಗಿ ಹೋಗುವುದಿಲ್ಲ. ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡಿ ಕಟ್ಟುವ ಹಬ್ಬ ನಾಗರಪಂಚಮಿ, ಅಂಥ ಎರಡು ಪಂಚಮಿ ಬ್ಯಾಡಗಿಯ ಮಂಚದ ಮೇಲೆಯೇ ಕಳೆದಿದ್ದವು.

ಬೆಲೆ ಇಳಿಯುವುದಕ್ಕೆ ಕೆಲವು ದಿನ ಮೊದಲು ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟ ಬ್ಯಾಟರಿ ಕಾರು ಒಂದಿತ್ತು, ಡೆಮೊ ಕಾರು. ಅದರ ಹಿಂದಿನ ಎಡಗಡೆಯ ಸೀಟು ಗುಂಡಿ ಒತ್ತಿದರೆ ಹಿಂದಕ್ಕೆ ವಾಲುತ್ತದೆ, ಕಾಲಿನ ಕೆಳಗಿನ ಹಲಗೆ ಮೇಲೇಳುತ್ತದೆ. ಆಕೆಯನ್ನು ಕೂರಿಸಿಕೊಂಡು ಗುತ್ತಲ ರಸ್ತೆಯಲ್ಲಿ ಅರ್ಧ ದಾರಿ ಹೋದೆವು. ಆ ರಸ್ತೆಯ ಹಂಪುಗಳನ್ನು ಹಾಕಿಸಿದವರಿಗೆ ಬೆನ್ನೇ ಇರಲಿಲ್ಲವೇನೋ. ಆಕೆ ಮೊದಲು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದರು. ಸೀಟು ಹಿಂದಕ್ಕೆ ಸರಿಯುತ್ತ ಸರಿಯುತ್ತ ಒಂದು ಹಂತದಲ್ಲಿ ಮುಷ್ಟಿ ಸಡಿಲಾಯಿತು.

“ನಿಂದರಸು, ಸೀಟು ಇಲ್ಲೇ ನಿಂದರಸು,” ಎಂದರು. ಆಮೇಲೆ ಕಣ್ಣು ಮುಚ್ಚಿ, “ಬೆನ್ನು ಸುಮ್ನಾತು ನೋಡವಾ,” ಎಂದರು.

ಅಲ್ಲಿಗೆ ಕಾರು ಮಾರಾಟವಾಗಿ ಹೋಗಿತ್ತು. ಬೆಲೆಯ ಚೌಕಾಶಿಯೊಂದೇ ಬಾಕಿ. ಈಗ ಬೆಲೆ ತಾನಾಗಿಯೇ ಇಳಿದಿದೆ! ನಾನು ಸಂತೋಷದಿಂದಲೇ ಬುಕಿಂಗ್ ಬರೆದುಕೊಂಡೆ. ಕಂಪನಿಯವರಿಗೆ ಅಷ್ಟು ಒಳ್ಳೆಯ ಬುದ್ಧಿ ಯಾಕೆ ಬಂತು ಎಂದು ಒಂದು ಕ್ಷಣವಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮರುದಿನ ಏರಿಯಾ ಸಾಹೇಬರು ಬೆಂಗಳೂರಿನಿಂದ ದಯಮಾಡಿಸಿದರು. ನಮ್ಮ ಕಡೆಯ ಐದು ಜಿಲ್ಲೆಗಳ ಮಾರಾಟಕ್ಕೆ ಅವರೇ ದೊರೆ. ವಯಸ್ಸು ಮೂವತ್ತು ದಾಟಿಲ್ಲ, ಕಾಲಿಗೆ ಸಾಕ್ಸಿಲ್ಲ, ಬಾಯಿಗೆ ಬಿಡುವಿಲ್ಲ.

“ಮೇಡಂ, ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ನಾವು ಬೆಲೆ ಇಳಿಸಿಲ್ಲ, ಗ್ರಾಹಕರಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿದ್ದೀವಿ. ತಮಗೆ ಬೇಡದ ಫೀಚರಿಗೆ ಅವರು ಯಾಕೆ ದುಡ್ಡು ಕೊಡಬೇಕು, ಹೇಳಿ?”

ಸ್ವಾತಂತ್ರ್ಯದ ವಿವರ ಹೀಗಿತ್ತು. ನಿನ್ನೆಯವರೆಗೆ ಕಾರಿನ ಜೊತೆಗೇ ಬರುತ್ತಿದ್ದ ಸುತ್ತಲಿನ ಕ್ಯಾಮೆರಾ, ತಾನಾಗಿ ತೆರೆಯುವ ಡಿಕ್ಕಿ, ಮನೆಯ ಗೋಡೆಗೆ ಹಾಕುವ ಚಾರ್ಜರ್, ಸೀಟಿನೊಳಗಿನಿಂದ ಬರುವ ತಂಪು ಗಾಳಿ, ಹಿಂದಕ್ಕೆ ವಾಲುವ ಸೀಟು, ಎಲ್ಲವನ್ನೂ ಕಾರಿನ ಬೆಲೆಯಿಂದ ಕಿತ್ತು ಬೇರೆ ಬೇರೆ ಪ್ಯಾಕ್ ಮಾಡಿದ್ದರು. ಒಂದೊಂದು ಪ್ಯಾಕಿಗೆ ಒಂದೊಂದು ದರ. ಅದಾದರೂ ನೆಟ್ಟಗಿತ್ತೇ? ವಾಲುವ ಸೀಟು ಬೇಕೆಂದರೆ ಅದರ ಜೊತೆ ಬಣ್ಣ ಬದಲಿಸುವ ದೀಪ, ಅತ್ತರು ಸಿಂಪಡಿಸುವ ಯಂತ್ರ ಎರಡನ್ನೂ ಕೊಳ್ಳಲೇಬೇಕು. ಬೆನ್ನು ಮುರಿದವರಿಗೆ ಬಣ್ಣದ ದೀಪ! ಇದು ಆಯ್ಕೆ. ಇದು ಸ್ವಾತಂತ್ರ್ಯ.

ನಾನು ಕೂಡಿಸಿ ನೋಡಿದೆ. ಇಳಿದದ್ದು ಎಂಟು ಲಕ್ಷ. ನಿನ್ನೆ ಇದ್ದ ಕಾರನ್ನೇ ಇವತ್ತು ಮತ್ತೆ ಜೋಡಿಸಿಕೊಳ್ಳಬೇಕೆಂದರೆ ಹನ್ನೊಂದು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗುತಿಯ ಭಾರಕ್ಕೆ ಮೂಗೇ ಕಿತ್ತುಬರುವ ಹಾಗಿತ್ತು.

“ಅಲ್ರೀ ಸರ್, ಪ್ಯಾಕ್ ತಗೊಳ್ಳದ ಗಾಡಿಗೆ ಸೀಟಿನ ಮೋಟರ್ ತೆಗದು ಕಳಸ್ತಾರೇನ್ರಿ?” ಎಂದು ಕೇಳಿದೆ.

“ಇಲ್ಲ ಮೇಡಂ, ಮೋಟರ್ ಎಲ್ಲ ಕಾರಲ್ಲೂ ಇರುತ್ತೆ. ಎರಡು ಥರ ಸೀಟು ಮಾಡೋಕೆ ಖರ್ಚು ಜಾಸ್ತಿ. ಸಾಫ್ಟ್‌ವೇರಲ್ಲಿ ಲಾಕ್ ಮಾಡಿರ್ತೀವಿ. ದುಡ್ಡು ಕಟ್ಟಿದ್ರೆ ಇಲ್ಲಿಂದಲೇ ಓಪನ್.”

“ಅಂದ್ರ ಗಿರಾಕಿ ತಗೊಂಡ ಕಾರಿನ್ಯಾಗ ಮೋಟರ್ ಐತಿ, ತಂತಿ ಐತಿ, ಗುಂಡಿ ಐತಿ. ಕೀಲಿ ಮಾತ್ರ ನಿಮ್ಮ ಕಿಸೇದಾಗ.”

“ಎಗ್ಸಾಕ್ಟ್ಲಿ!” ಎಂದರು, ನಾನು ಹೊಗಳಿದೆನೆಂದು ತಿಳಿದು. “ಮತ್ತೆ ಪ್ಯಾಕ್ ವಿಷಯ ಬುಕಿಂಗಲ್ಲಿ ಎತ್ತಬೇಡಿ. ಡೆಲಿವರಿ ದಿನ ಹೇಳಿ. ಹಾರ ಹಾಕಿರ್ತೀವಿ, ಕೇಕ್ ಕಟ್ ಮಾಡಿರ್ತಾರೆ, ನೆಂಟರು ಇಷ್ಟರು ಎಲ್ಲ ಸುತ್ತ ನಿಂತಿರ್ತಾರೆ. ಆ ಹೊತ್ತಲ್ಲಿ ಯಾರೂ ಇಲ್ಲ ಅನ್ನಲ್ಲ ಮೇಡಂ. ಮಾನದ ಪ್ರಶ್ನೆ.”

ಜೇಬುಗಳ್ಳ ಕೂಡ ಸಂತೆಯ ಗದ್ದಲದಲ್ಲಿ ಕೈ ಹಾಕುತ್ತಾನೆ. ಇವರು ಪೂಜೆಯ ಹೊತ್ತಿನಲ್ಲಿ, ಹೆಂಡಿರು ಮಕ್ಕಳ ಎದುರಿಗೆ ಹಾಕುವವರು. ಸಾಹೇಬರು ಖಾನಾವಳಿಯಲ್ಲಿ ಜೋಳದ ರೊಟ್ಟಿ ಉಂಡು, ಅದರ ಫೋಟೊ ತೆಗೆದುಕೊಂಡು ಹೋದರು. ಖಾನಾವಳಿಯವರು ರೊಟ್ಟಿಗೊಂದು, ಚಟ್ನಿಗೊಂದು, ಉಳ್ಳಾಗಡ್ಡಿಗೊಂದು ಬಿಲ್ಲು ಮಾಡಬೇಕಿತ್ತು ಎನಿಸಿತು.

ಅಷ್ಟರಲ್ಲಿ ಬ್ಯಾಡಗಿಯಲ್ಲಿ ಕೆಲಸ ಕೆಟ್ಟಿತ್ತು. ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ರೀತಿಯಿದೆ. ಖರೀದಿದಾರ ರಾಶಿಯನ್ನು ಕೈಯಿಂದ ಮುಟ್ಟಿ, ಮುರಿದು, ಮೂಸಿ ನೋಡಿ ಟೆಂಡರ್ ಹಾಕುತ್ತಾನೆ. ದರ ಕೂಗಿದ ಮೇಲೆ ಮುಗಿಯಿತು. ಆ ರಾಶಿಯ ಕಾಯಿ, ತೊಟ್ಟು, ಬೀಜ ಎಲ್ಲ ಆ ದರದಲ್ಲಿಯೇ. ಕಾಯಿಗೆ ಇಷ್ಟು, ಅದರ ಕೆಂಪಿಗೆ ಇನ್ನಿಷ್ಟು ಎಂದು ಯಾರೂ ಹೇಳುವುದಿಲ್ಲ. ಹೇಳಿದವನು ಮರುದಿನ ಪೇಟೆಯಲ್ಲಿ ಮುಖ ತೋರಿಸುವ ಹಾಗಿಲ್ಲ. ನಮ್ಮ ಸಾವಕಾರರು ಮೊಬೈಲಿನಲ್ಲಿ ಬಂದ ದರವನ್ನೂ ಹಾಗೆಯೇ ತಿಳಿದುಕೊಂಡುಬಿಟ್ಟಿದ್ದರು. ಡೆಮೊ ಕಾರನ್ನು ಮುಟ್ಟಿ ನೋಡಿದ್ದಾಗಿತ್ತು, ದರ ಕೂಗಿದ್ದಾಗಿತ್ತು. ಶ್ರಾವಣದ ಹೊತ್ತಿಗೆ ಪೇಟೆ ತಣ್ಣಗಿರುತ್ತದೆ, ಕೋಲ್ಡ್ ಸ್ಟೋರೇಜಿನ ಮಾಲು ಬಿಟ್ಟರೆ ಹೆಚ್ಚೇನಿಲ್ಲ. ಮಾತಿಗೆ ಬೇಕಾದಷ್ಟು ಹೊತ್ತು. ಕಂಡಕಂಡವರಿಗೆಲ್ಲ, “ಎಲ್ಲಾ ಕೂಡಿ ಇಷ್ಟಕ್ಕ ಮುಗಿಸೇನಿ,” ಎಂದು ಹೇಳಿಕೊಂಡು ತಿರುಗಿದರು. ಅವರ ಮಾತು ನಂಬಿ ಇನ್ನಿಬ್ಬರು ವ್ಯಾಪಾರಿಗಳು, ರಾಣೇಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ನನ್ನಲ್ಲಿ ಬುಕಿಂಗ್ ಮಾಡಿದರು. ನಾಲ್ಕು ಬುಕಿಂಗ್! ನಮ್ಮ ಹಾವೇರಿ ಷೋರೂಮು ಕಂಡು ಕೇಳರಿಯದ ಸಂಗತಿ. ಏರಿಯಾ ಸಾಹೇಬರು ಫೋನಿನಲ್ಲಿ ಚಪ್ಪಾಳೆಯ ಚಿತ್ರ ಕಳಿಸಿದರು.

ಆ ಚಪ್ಪಾಳೆ ನೋಡಿದ ಮೇಲೆ ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಸುಮ್ಮನಿದ್ದರೆ ನನ್ನ ನೌಕರಿ ಗಟ್ಟಿ, ಕಮಿಷನ್ನೂ ಗಟ್ಟಿ. ಆದರೆ ಡೆಲಿವರಿಯ ದಿನ ಆ ಹೆಣ್ಣುಮಗಳು ಸೀಟಿನಲ್ಲಿ ಕುಳಿತು ಗುಂಡಿ ಒತ್ತಿ, ಅದು ಅಲ್ಲಾಡದೆ, ನನ್ನ ಮುಖ ನೋಡುವುದನ್ನು ನೆನೆದರೇ ಮೈ ಉರಿಯುತ್ತಿತ್ತು.

ಸಾವಕಾರರ ಅಂಗಡಿಗೆ ಕಾಲಿಟ್ಟರೆ ಮೊದಲು ಸೀನಬೇಕು, ಆಮೇಲೆ ಮಾತು. ಸೀನಿ ಮುಗಿಸಿ ಎಲ್ಲವನ್ನೂ ಬಿಚ್ಚಿ ಹೇಳಿದೆ.

ಅವರು ಎಲೆ ಅಡಿಕೆ ಉಗುಳಿ ಬಂದು ಕುಳಿತರು. “ಅಂದ್ರ ಸೀಟು ನಂದು, ಅದು ಹಿಂದಕ್ಕ ಸರಿಯೂದು ಅವರದು?”

“ಹೌದ್ರಿ.”

“ಎತ್ತು ಮಾರಿ, ಮೂಗುದಾರ ಹಿಡಕೊಂಡು ಓಡಿಹೋದಂಗಾತಲ್ಲ! ನಾಚಿಕಿ ಅನ್ನೂದು ಐತೇನು ಅವರಿಗೆ?”

“ಪ್ಯಾಕಿನ್ಯಾಗ ಬಂದಿದ್ರ ಅದಕ್ಕೂ ದರಾ ಇರ್ತಿತ್ತ್ರಿ,” ಎಂದೆ. “ಆದ್ರ ಅಕ್ಕಾರಿಗೆ ಬೇಕಲ್ರಿ ಆ ಸೀಟು. ನೀವು ಪ್ಯಾಕ್ ತಗೊಂಡಬಿಡ್ರಿ.”

“ರೊಕ್ಕದ ಮಾತಲ್ಲ ತಂಗೀ. ಪ್ಯಾಟ್ಯಾಗ ದರಾ ಹೇಳೇನಿ. ಈಗ ಮ್ಯಾಲ ಕೊಟ್ರ ನಾ ಮೂರ್ಖ, ನನ್ನ ನಂಬಿದವರು ನನಗಿಂತ ದೊಡ್ಡ ಮೂರ್ಖರು. ಕ್ಯಾನ್ಸಲ್ ಮಾಡು.”

ಕಂಪನಿಯ ಮೇಲಿದ್ದ ನನ್ನ ತಿರಸ್ಕಾರದಲ್ಲಿ ಅರ್ಧ ಪಾಲು ಆ ಕ್ಷಣದಲ್ಲಿ ಇವರ ಮೇಲೆ ತಿರುಗಿತು. ಒಬ್ಬರಿಗೆ ಲಾಭದ ಹಸಿವು, ಇನ್ನೊಬ್ಬರಿಗೆ ಮೀಸೆಯ ಮಣ್ಣಿನ ಚಿಂತೆ. ನಡುವೆ ಸಿಕ್ಕವಳು ಹೆಂಗಸು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲಿದ್ದ ಆಕೆಗೆ ಎಲ್ಲ ಕೇಳಿಸಿತ್ತು. ಅಲ್ಲಿಂದಲೇ ಕೂಗಿ ಹೇಳಿದರು.

“ಆತು, ಕ್ಯಾನ್ಸಲ್ ಮಾಡ್ರಿ. ಪ್ಯಾಟ್ಯಾಗ ನಿಮ್ಮ ದರಾ ಉಳೀಲಿ. ನನ್ನ ಬೆನ್ನಿಗೆ ಎಲ್ಲಿ ಟೆಂಡರ್ ಐತಿ?”

ಸಾವಕಾರರು ತಲೆ ತಗ್ಗಿಸಿದರು. ನಾನು ಒಳಗೆ ಹೋಗಿ ಆಕೆಯ ಕಾಲ ಬಳಿ ನಿಂತೆ. ಆಕೆಯೇ ಕೇಳಿದರು, “ಅಲ್ಲವಾ, ಮೊನ್ನೆ ನಾ ಕುಂತಿದ್ನೆಲ್ಲ, ಆ ಗಾಡಿ ಏನ್ ಮಾಡ್ತೀರಿ?”

ಅಯ್ಯೋ ನನ್ನ ಬುದ್ಧಿಯೇ! ಡೆಮೊ ಕಾರು ಹಳೆಯ ದರದ ಕಾಲದ್ದು, ಎಲ್ಲ ಸೌಲಭ್ಯಗಳೂ ತೆರೆದೇ ಇದ್ದವು. ಅದನ್ನು ತೋರಿಸಿ ಬರಿಯ ಕಾರು ಮಾರುವುದು ಇನ್ನು ಕಷ್ಟ, ಹೇಗಾದರೂ ಸಾಗಹಾಕಿ ಎಂದು ಸಾಹೇಬರೇ ಹೇಳಿ ಹೋಗಿದ್ದರು. ಹುಬ್ಬಳ್ಳಿಯಲ್ಲಿದ್ದ ನಮ್ಮ ಡೀಲರ್ ಮಾಲಕರಿಗೆ ಅಲ್ಲಿಂದಲೇ ಫೋನು ಮಾಡಿದೆ. ಓಡಿದ ಗಾಡಿ, ಆದ್ದರಿಂದ ಸಾವಕಾರರು ಪೇಟೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆಗೆ ಕೊಡಲು ಮಾಲಕರು ಒಪ್ಪಿದರು. ಸಾವಕಾರರ ಮುಖ ಅರಳಿತು. “ನೋಡಿದಿ? ನಾ ಹೇಳಿದ್ದಕ್ಕಿಂತ ಕಡಿಮಿ ಆತು!” ಎಂದು ಹೆಂಡತಿಯ ಕಡೆ ನೋಡಿದರು. ಆಕೆ ಗೋಡೆಯ ಕಡೆ ನೋಡಿದರು.

ಹೆಸರು ಬದಲಾಯಿಸುವ ಕಾಗದಪತ್ರ ಸಿದ್ಧ ಮಾಡುವಾಗ ಮಾಲಕರ ಹುಬ್ಬಳ್ಳಿ ಷೋರೂಮಿನ ಮೆಕ್ಯಾನಿಕ್ ಫೋನು ಮಾಡಿದ. “ಮೇಡಮ್ಮಾರ, ಒಂದ್ ಮಾತು ಗೊತ್ತದ ಇಲ್ಲೋ? ಗಾಡಿ ಹೆಸರು ಬದಲಿ ಆದ ಕೂಡಲೇ ಸೀಟಿಗೂ ಬೀಗ ಬೀಳ್ತೈತ್ರಿ. ಫೀಚರ್ ಎಲ್ಲಾ ಗಾಡಿದಲ್ಲ, ಮೊದಲಿನ ಮಾಲಕರ ಖಾತೆದಂತ. ಹೊಸಾ ಮಾಲಕ ಮತ್ತ ಪ್ಯಾಕ್ ತಗೋಬೇಕಂತ.”

ನಂಬದೆ ಸಾಹೇಬರಿಗೆ ಕೇಳಿದೆ. “ಅದೇ ಈ ಮಾಡೆಲಿನ ಬ್ಯೂಟಿ ಮೇಡಂ,” ಎಂದರು. “ಒಂದೇ ಸೀಟನ್ನ ಎಷ್ಟು ಸಲ ಬೇಕಾದ್ರೂ ಮಾರಬಹುದು.”

ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ನಮ್ಮೂರ ಸಂತೆಯಲ್ಲಿ ಕೊಳೆತ ಬದನೆಕಾಯಿ ಮಾರುವವಳಿಗೂ ಇವರಿಗಿಂತ ಹೆಚ್ಚಿನ ಲಜ್ಜೆಯಿದೆ. ಹೆಸರು ಬದಲಿಸದೆ ಹಾಗೆಯೇ ಕೊಡಬಹುದೇ ಎಂದು ಮಾಲಕರಿಗೆ ಕೇಳಿದರೆ, “ದಾರ್‍ಯಾಗ ಏನರ ಹೆಚ್ಚು ಕಡಿಮಿ ಆದ್ರ ನನ್ನ ಕುತ್ತಿಗಿಗೆ ಬರ್ತೈತವಾ, ಸಾಧ್ಯ ಇಲ್ಲ,” ಎಂದರು. ಅವರ ಮಾತು ಸರಿಯೇ ಇತ್ತು. ಪಂಚಮಿ ಹತ್ತಿರ ಬರುತ್ತಿತ್ತು.

ಅಂದು ಸಂಜೆ ಡೆಮೊ ಕಾರಿನಲ್ಲಿ ಕುಳಿತು ಆ ಗುಂಡಿಯನ್ನೇ ನೋಡುತ್ತಿದ್ದೆ. ಒತ್ತಿದರೆ ಸೀಟು ಹಿಂದೆ, ಒತ್ತಿದರೆ ಮುಂದೆ. ಬೀಗ ಬಿದ್ದರೆ ಗುಂಡಿ ಸಾಯುತ್ತದೆ. ಗುಂಡಿ ಸತ್ತರೆ ಸೀಟು ಎಲ್ಲಿರುತ್ತದೆ? ತಡೆಯಲಾರದೆ ಆ ಮೆಕ್ಯಾನಿಕನಿಗೆ ಫೋನು ಮಾಡಿದೆ.

“ಬೀಗ ಬೀಳೂಕಿಂತ ಮೊದಲ ಸೀಟು ಹಿಂದಕ್ಕ ವಾಲಿದ್ರ? ತಾನ ಎದ್ದು ನಿಂದರ್ತೈತೇನು?”

“ಗೊತ್ತಿಲ್ರಿ. ಯಾರೂ ಕೇಳೇ ಇಲ್ಲ ಇಲ್ಲೀತನಕ,” ಎಂದ ಆತ.

ಮರುದಿನ ಹುಬ್ಬಳ್ಳಿಗೆ ಹೋದೆ. ಅಲ್ಲಿ ಹೊಸ ಕಾರೊಂದಿತ್ತು, ಬೀಗ ಹಾಕಿಯೇ ಬಂದದ್ದು. ಗಿರಾಕಿಗಳಿಗೆ ರುಚಿ ಹತ್ತಿಸಲು ಒಂದು ದಿನದ ಮಟ್ಟಿಗೆ ಬೀಗ ತೆಗೆದು ತೋರಿಸುವ ಅವಕಾಶವನ್ನು ಕಂಪನಿಯೇ ಕೊಟ್ಟಿತ್ತು. ಬೀಗ ತೆಗೆದು ಸೀಟನ್ನು ಹಿಂದಕ್ಕೆ ವಾಲಿಸಿ ಬಿಟ್ಟೆವು. ದಿನ ಕಳೆದು ಬೀಗ ಬಿತ್ತು. ಸೀಟು ಹಾಗೆಯೇ ಇತ್ತು. ನಾನು ಖುಷಿಯಿಂದ ಬಾಗಿಲು ತೆಗೆದೆ. ಕುರ್ರ್ ಎಂದು ಸದ್ದು ಮಾಡುತ್ತ ಅದು ನನ್ನ ಕಣ್ಣೆದುರಿಗೇ ಎದ್ದು ನೆಟ್ಟಗೆ ನಿಂತಿತು. ಗುಂಡಿ ಒತ್ತಿದೆ. ಹೆಣ.

ಇಬ್ಬರೂ ಬೈದುಕೊಂಡು ಕುಳಿತೆವು. ಕಾರಣ ಹುಡುಕಿದರೆ ಸಿಕ್ಕಿತು. ಹತ್ತುವವರಿಗೆ ಅನುಕೂಲವಾಗಲೆಂದು ಬಾಗಿಲು ತೆಗೆದಾಗ ಸೀಟು ತಾನಾಗಿ ನೆಟ್ಟಗಾಗುವ ಏರ್ಪಾಡು ಒಂದಿತ್ತು. ಅದಕ್ಕೆ ಬೀಗವಿರಲಿಲ್ಲ. ಇನ್ನೊಂದು ದಿನಕ್ಕೆ ಬೀಗ ತೆಗೆದು, ಆ ಏರ್ಪಾಡನ್ನು ಮೊದಲು ಬಂದ್ ಮಾಡಿ, ಆಮೇಲೆ ಸೀಟು ವಾಲಿಸಿ, ಮತ್ತೆ ಬೀಗ ಬೀಳುವವರೆಗೆ ಕಾದೆವು. ಬಾಗಿಲು ತೆಗೆದೆವು, ಹಾಕಿದೆವು. ಕಾರು ಬಂದ್ ಮಾಡಿದೆವು, ಚಾಲೂ ಮಾಡಿದೆವು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿದೆವು. ಸೀಟು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಇಷ್ಟಾದ ಮೇಲೆ ಡೆಮೊ ಕಾರಿನಲ್ಲೂ ಆ ಏರ್ಪಾಡು ಬಂದ್ ಮಾಡಿ, ಅದನ್ನು ತೆಗೆದುಕೊಂಡು ಬ್ಯಾಡಗಿಗೆ ಹೋಗಿ ಗಂಡಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೀಗ ಬಿದ್ದ ಮೇಲೆ ಸೀಟು ಒಂದೇ ಕಡೆ. ಬೇಡ ಎಂದರೂ ಮುಂದೆ ಬರುವುದಿಲ್ಲ. ಆ ಸೀಟಿನಲ್ಲಿ ಬೇರೆ ಯಾರು ಕುಳಿತರೂ ಇವರ ಬೆನ್ನಿನ ಅಳತೆಗೇ ಕುಳಿತುಕೊಳ್ಳಬೇಕು.

“ಯಾಕ ಕುಂದರ್ತಾರ ಬ್ಯಾರೆದವರು? ಮುಂದ ಕುಂದರ್ಲಿ,” ಎಂದರು ಆಕೆ.

ಕುಪ್ಪಸದ ಅಳತೆ ತೆಗೆದ ಹಾಗೆ ಆ ಸೀಟಿನ ಅಳತೆ ತೆಗೆದೆವು. ಒಂದು ಸಲ ಹಾವೇರಿಯವರೆಗೆ, ಒಂದು ಸಲ ಗುತ್ತಲ ರಸ್ತೆಯ ಹಂಪುಗಳ ಮೇಲೆ. ಸಾವಕಾರರ ಡ್ರೈವರ್ ಗಾಡಿ ನಡೆಸುತ್ತಿದ್ದ, ನಾನು ಆಕೆಯ ಪಕ್ಕದಲ್ಲಿ ಕುಳಿತು ಗುಂಡಿಯ ಮೇಲೆ ಬೆರಳಿಟ್ಟಿದ್ದೆ. “ಜರಾ ಕೆಳಗ. ಸಾಕು. ಕಾಲು ಜರಾ ಮ್ಯಾಲ. ಹೆಚ್ಚಾತು, ಇಳಸು.” ಬ್ಯಾಡಗಿಯಲ್ಲಿ ಸರಿ ಎನಿಸಿದ್ದು ಹಂಪಿನ ಮೇಲೆ ನೋಯುತ್ತಿತ್ತು, ಹಂಪಿಗೆ ಸರಿಯಾದದ್ದು ಸಪಾಟು ರಸ್ತೆಯಲ್ಲಿ ಸೊಂಟ ಹಿಡಿಯುತ್ತಿತ್ತು. ಮೂರನೆಯ ಸಲ ಹೋಗಿ ತಿರುಗಿ ಬರುವಾಗ ಆಕೆ ಮಾತಾಡಲೇ ಇಲ್ಲ. ನೋಡಿದರೆ ನಿದ್ದೆ ಹೋಗಿದ್ದರು. ಗುಂಡಿಯಿಂದ ನಾನು ಬೆರಳು ತೆಗೆದೆ, ಮತ್ತೆ ಮುಟ್ಟಲಿಲ್ಲ.

ಹೆಸರು ಬದಲಾಯಿತು. ಬೀಗ ಬಿತ್ತು. ವಾರದೊಳಗೆ ಸಾಹೇಬರ ಫೋನು ಬಂತು. “ಮೇಡಂ, ಆ ಬ್ಯಾಡಗಿ ಪಾರ್ಟಿಗೆ ಸೀಟಿನ ಪ್ಯಾಕ್ ಮಾರಿದ್ರಾ? ಅವರಿಗೆ ಬೆನ್ನು ನೋವಲ್ವಾ? ತಗೊಳ್ಳಲೇಬೇಕು.”

“ಅವರಿಗೆ ಸೀಟು ಅಲ್ಲಾಡೂದ ಬ್ಯಾಡಂತ್ರಿ ಸರ್. ಅಲ್ಲಾಡದಂಗ ನೀವು ಬೀಗ ಹಾಕಿ ಕೊಟ್ಟೀರಲ್ಲ, ಭಾಳ ಉಪಕಾರ ಆತು ಅಂತ ಹೇಳ್ಯಾರ.”

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಪ್ಯಾಕ್ ನನ್ನ ಹತ್ತಿರ ಇರಲಿಲ್ಲ.

ಉಳಿದ ಮೂವರಿಗೂ ಎಲ್ಲ ಕೂಡಿದ ಬೆಲೆ ಹೇಳಿದೆ. ಮೂವರೂ ಬುಕಿಂಗ್ ವಾಪಸು ಪಡೆದರು. ತೋರಿಸಲು ಕಾರಿಲ್ಲ, ಕೊಳ್ಳಲು ಗಿರಾಕಿಯಿಲ್ಲ. ಹಾವೇರಿಯ ಷೋರೂಮು ಮುಚ್ಚುತ್ತೇವೆ, ಹುಬ್ಬಳ್ಳಿಗೆ ಬರುವುದಾದರೆ ಬನ್ನಿ ಎಂದು ಮಾಲಕರು ಹೇಳಿದರು. ಬರುವುದಿಲ್ಲ ಎಂದೆ. ಹುಬ್ಬಳ್ಳಿಯಲ್ಲಿ ಮಾರಬೇಕಾದದ್ದೂ ಆ ಬೀಗವನ್ನೇ ತಾನೆ?

ರೊಟ್ಟಿ ಹಬ್ಬದ ದಿನ, ಪಂಚಮಿಯ ಹಿಂದಿನ ದಿನ, ಆಕೆ ನನ್ನನ್ನೂ ಕರೆದುಕೊಂಡು ಹೊರಟರು. ಸೀಟು ಏನಾದರೂ ಮಾಡಿದರೆ ನೀನೇ ಜವಾಬ್ದಾರಿ ಎಂದರು. ಸಾವಕಾರರು ಡ್ರೈವರ್ ಪಕ್ಕದಲ್ಲಿ, ನಾವಿಬ್ಬರು ಹಿಂದೆ. ಹಾವೇರಿ ದಾಟಿದ ಮೇಲೆ ಎದುರಿನ ಪರದೆ ತಾನಾಗಿ ಬೆಳಗಿತು.

“ಏನಂತೈತಿ ಅದು?” ಎಂದು ಕೇಳಿದರು.

“ರೊಕ್ಕ ಕಟ್ಟಿದ್ರ ಈ ಸೀಟು ಹಿಂದಕ್ಕ ವಾಲ್ತೈತಂತ್ರೀ ಅಕ್ಕಾರ.”

ಆಕೆ ಬೆನ್ನು ನೋಯುವಷ್ಟು ನಕ್ಕರು. ಆಮೇಲೆ ಗುತ್ತಲದವರೆಗೂ ಕಿಟಕಿಯಾಚೆ ಹೊಲಗಳನ್ನು ನೋಡುತ್ತ, ಯಾವುದು ಯಾರ ಹೊಲ ಎಂದು ನನಗೆ ಹೇಳುತ್ತ ಬಂದರು.

ತವರಿನ ಬಾಗಿಲಲ್ಲಿ ಅಣ್ಣನ ಹೆಂಡತಿ ಕಾಯುತ್ತಿದ್ದರು. ಪಡಸಾಲೆಯಲ್ಲಿ ಗಾದಿ, ತಲೆದಿಂಬು, ಹೊದಿಕೆ ಎಲ್ಲ ಸಿದ್ಧವಾಗಿತ್ತು. ಎತ್ತಿಕೊಳ್ಳಲೆಂದು ಇಬ್ಬರು ಗಂಡಸರೂ ಬಂದು ನಿಂತಿದ್ದರು. ಆಕೆ ಕಾರಿನ ಬಾಗಿಲು ಹಿಡಿದು ಕಾಲು ಕೆಳಗಿಟ್ಟರು, ಒಂದು ಕ್ಷಣ ನಿಂತರು, ಸೆರಗು ಸರಿಮಾಡಿಕೊಂಡರು. ಎತ್ತಲು ಬಂದವರನ್ನು ಕೈಯಿಂದ ಆಚೆ ಸರಿಸಿ ಒಳಗೆ ನಡೆದರು.

“ಹಾಸಿಗಿ ಎತ್ತಿಡ್ರವಾ,” ಎಂದರು. “ಅಡಗಿಮನ್ಯಾಗ ಒಂದ್ ಕುರ್ಚಿ ಹಾಕ್ರಿ. ಉಂಡಿ ಇನ್ನಾ ಕಟ್ಟೂದೈತೋ, ನನ್ನ ಬಿಟ್ಟು ಕಟ್ಟಿ ಮುಗಿಸೀರೋ?”